ಬದಲಾಗದ ಕೈಗಳು

ಸ್ಲೊವೇನಿಯಾದ ಮನೆಗಳಲ್ಲಿ ಕ್ರಿಸ್‌ಮಸ್, ಈಸ್ಟರ್ ಬಂತೆಂದರೆ ಪೊತೀತ್ಸ ಎಂಬ ತಿನಿಸು ಆಗಲೇಬೇಕು. ಹುದುಗು ಬಂದ ಕಣಕವನ್ನು ತೆಳ್ಳಗೆ ಲಟ್ಟಿಸಿ, ಪುಡಿಮಾಡಿದ ಅಕ್ರೋಟಿಗೆ ಜೇನು, ಹಾಲು ಬೆರೆಸಿದ ಹೂರಣ ಸವರಿ, ಬಿಗಿಯಾಗಿ ಸುತ್ತುತ್ತಾರೆ. ನಡುವೆ ಕೊಳವೆಯಿರುವ ದುಂಡನೆಯ ಅಚ್ಚಿನಲ್ಲಿಟ್ಟು, ಒಲೆಗೆ ಹಾಕುವ ಮುನ್ನ ಸಣ್ಣ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚುತ್ತಾರೆ. ಒಳಗೆ ಗಾಳಿ ಉಳಿದರೆ ಬೆಂದ ಮೇಲೆ ಕಣಕ ಒಂದು ಕಡೆ, ಹೂರಣ ಇನ್ನೊಂದು ಕಡೆ. ಕೊಯ್ದ ಹೋಳಿನಲ್ಲಿ ಸುರುಳಿ ಎಲ್ಲೂ ಬಾಯಿಬಿಡದೆ ಕಂಡರೆ ಮಾಡಿದವರ ಕೈಗುಣ ಗೊತ್ತಾಗುತ್ತದೆ.

1689ರಲ್ಲೇ ಅಲ್ಲಿನ ಪಂಡಿತ ವಾಲ್ವಾಸೋರ್ ತನ್ನ ನಾಡಿನ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಇದರ ವರ್ಣನೆಯಿದೆ. ಇಷ್ಟು ಹಳೆಯ ತಿನಿಸಿಗೆ ಈಗ ಚಾಕೊಲೇಟ್, ತೆಂಗಿನಕಾಯಿ, ಪಿಸ್ತಾ ತುಂಬುತ್ತಾರೆ ಎಂದರೆ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಪೊತೀತ್ಸಕ್ಕೆ ಒಂದೇ ಹೂರಣ ಎಂದೂ ಇರಲಿಲ್ಲ. ಹಿತ್ತಿಲಲ್ಲಿ ಟ್ಯಾರಗಾನ್ ಸೊಪ್ಪು ಚಿಗುರಿದರೆ ಸೊಪ್ಪಿನದು, ಮನೆಯ ಹಂದಿಯನ್ನು ಕಡಿದಾಗ ಕೊಬ್ಬು ಕಾಯಿಸಿ ಉಳಿದ ಚೂರುಗಳದು, ಇನ್ನೊಮ್ಮೆ ಗಸಗಸೆಯದು. ಕೈಗೆ ಸಿಕ್ಕಿದ್ದನ್ನು ಹಬ್ಬಕ್ಕೆ ಒಗ್ಗಿಸಿಕೊಳ್ಳುವುದೇ ಅಲ್ಲಿನ ಸಂಪ್ರದಾಯ.

2021ರಲ್ಲಿ ಯುರೋಪಿಯನ್ ಒಕ್ಕೂಟ ‘ಸ್ಲೊವೇನ್‌ಸ್ಕಾ ಪೊತೀತ್ಸ’ ಎಂಬ ಹೆಸರಿಗೆ ರಕ್ಷಣೆ ಕೊಟ್ಟಿತು. ಆ ಹೆಸರಿನಲ್ಲಿ ಮಾರಬೇಕಾದರೆ ಗೊತ್ತುಪಡಿಸಿದ ಐದು ಹೂರಣಗಳಲ್ಲಿ ಒಂದಿರಬೇಕು, ನಡುವೆ ತೂತಿರುವ ದುಂಡು ಅಚ್ಚಿನಲ್ಲೇ ಬೇಯಬೇಕು. ಎಲ್ಲಿ ಮಾಡಿದರು ಎಂಬುದನ್ನು ಮಾತ್ರ ಆ ನಿಯಮ ಕೇಳುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವವನು ಮೋಸಹೋಗದಿರಲು ಇದು ಬೇಕು. ಅಡುಗೆಮನೆಗೆ ಇದರ ಅಪ್ಪಣೆ ಬೇಕಿಲ್ಲ. ಅಮೆರಿಕದ ಮಿನ್ನೆಸೋಟದ ಕಬ್ಬಿಣದ ಗಣಿಗಳಿಗೆ ದುಡಿಯಲು ಹೋದ ಸ್ಲೊವೇನಿಯನ್ನರ ಮನೆಗಳಲ್ಲಿ ಪೊತೀತ್ಸ ಬ್ರೆಡ್ಡಿನ ಉದ್ದನೆಯ ತಗಡಿನಲ್ಲಿ ಬೇಯುತ್ತದೆ. ನಿಯಮಕ್ಕೆ ಅದು ಹೊರಗು. ಆದರೂ ಮದುವೆಗೂ ಸಾವಿನ ಮನೆಯ ಊಟಕ್ಕೂ ಅಲ್ಲಿ ಅದು ಬೇಕೇಬೇಕು.

ಹೂರಣ ಕಣ್ಣಿಗೆ ಕಾಣುತ್ತದೆ, ಅದಕ್ಕೇ ಜಗಳವೆಲ್ಲ ಹೂರಣದ ಮೇಲೆ. ನಾದಿದ ರಟ್ಟೆ, ಕಣಕ ಉಬ್ಬುವವರೆಗೆ ಕಾದ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ. ತಲೆಮಾರುಗಳಿಂದ ಆ ಹೊತ್ತನ್ನು ಕೊಟ್ಟವರು ಹೆಚ್ಚಾಗಿ ಹೆಂಗಸರು. ಹೊರಗೂ ದುಡಿದು ಬರುವ ಮಗಳು ಹಬ್ಬಕ್ಕೆ ಪೊತೀತ್ಸವನ್ನು ಕೊಂಡು ತಂದರೆ, ಸಂಪ್ರದಾಯ ಹಾಳಾಯಿತು ಎಂದು ಹೇಳುವ ಹಕ್ಕು ಒಂದು ದಿನವೂ ಹಿಟ್ಟು ಮುಟ್ಟದವನಿಗೆ ಇದೆಯೇ?

ಮಿನ್ನೆಸೋಟದಲ್ಲಿ ಕಣಕವನ್ನು ಮೇಜಿನಗಲ ಕಾಗದದಷ್ಟು ತೆಳುವಾಗಿ ಎಳೆಯುತ್ತಾರೆ. ಹರಿಯದಂತೆ ಎಳೆಯಲು ಮೇಜಿನ ಸುತ್ತ ನಾಲ್ಕಾರು ಜನ ನಿಂತರೆ ಕೆಲಸ ಹಗುರ. ಪೊತೀತ್ಸದಲ್ಲಿ ಆಗಬೇಕಾದ ಹೊಸತನ ಅದೇ. ಹೂರಣ ಯಾವುದಾದರೂ ಇರಲಿ, ಮನೆಯ ಗಂಡಸರೂ ಮಕ್ಕಳೂ ಅಂಗಿಯ ತೋಳು ಮಡಚಿ ಮೇಜಿನ ಸುತ್ತ ಬರಲಿ. ಒಬ್ಬಳ ಬೆನ್ನಿನ ಮೇಲೆ ನಿಂತ ಸಂಪ್ರದಾಯ ಅವಳಿಗೆ ಸಾಕಾದ ದಿನ ನಿಲ್ಲುತ್ತದೆ. ಎಲ್ಲರೂ ಕೈಹಾಕಿದ್ದಕ್ಕೆ ಕಾನೂನಿನ ಕಾವಲೂ ಬೇಡ.