ಕುಟ್ಟಾಣಿಯ ಸದ್ದು

ಹಿಂದೆ ನಮ್ಮ ಮನೆಗಳಲ್ಲಿ ಮುಪ್ಪಿಗೊಂದು ಸದ್ದಿತ್ತು. ಮಧ್ಯಾಹ್ನದ ಊಟ ಮುಗಿದ ಮೇಲೆ ಜಗಲಿಯ ಮೂಲೆಯಿಂದ ಕುಟ್ಟಾಣಿಯ ಟಕಟಕ ಕೇಳಿಸುತ್ತಿತ್ತು. ಹಲ್ಲು ಹೋದ ಅಜ್ಜಿ ಎಲೆ, ಅಡಿಕೆ, ಸುಣ್ಣ ಸೇರಿಸಿ ಕುಟ್ಟಿ, ನುಣ್ಣಗಾದ ಮೇಲೆ ಬಾಯಿಗಿಟ್ಟುಕೊಳ್ಳುತ್ತಿದ್ದಳು. ಚಕ್ಕುಲಿ ಕಾಫಿಯಲ್ಲಿ ನೆನೆಯುತ್ತಿತ್ತು, ರೊಟ್ಟಿ ಹಾಲಿನಲ್ಲಿ. 'ವಯಸ್ಸಾಯ್ತಲ್ಲ, ಹಲ್ಲು ಬಿದ್ದವು' ಎಂದರೆ ಮಾತು ಮುಗಿಯಿತು. ಕೂದಲು ನರೆಯುವಂತೆ ಹಲ್ಲು ಬೀಳುವುದೂ ಕಾಲಧರ್ಮವೆಂದು ಎಲ್ಲರೂ ನಂಬಿದ್ದೆವು.

ಆ ನಂಬಿಕೆ ತಪ್ಪು. ಹಲ್ಲು ಕಳೆಯುವುದು ಬಹುಪಾಲು ಹುಳುಕಿನಿಂದ ಮತ್ತು ವಸಡಿನ ರೋಗದಿಂದ. ಎರಡನ್ನೂ ತಡೆಯಲು ಬರುತ್ತದೆ. ಜಪಾನ್ 1989ರಲ್ಲಿ '8020' ಎಂಬ ಆಂದೋಲನ ಶುರು ಮಾಡಿತು: 80 ವರ್ಷಕ್ಕೆ ಸ್ವಂತದ 20 ಹಲ್ಲಾದರೂ ಉಳಿದಿರಬೇಕು. ಆಗ ಹಾಗಿದ್ದವರು ವಿರಳ. 2016ರ ಸಮೀಕ್ಷೆಯ ಹೊತ್ತಿಗೆ ಆ ವಯಸ್ಸಿನ ಅರ್ಧಕ್ಕೂ ಹೆಚ್ಚು ಮಂದಿ ಗುರಿ ಮುಟ್ಟಿದ್ದರು. ಮುಪ್ಪು ಮೊದಲಿನದೇ, ರೂಢಿ ಬದಲಾಗಿತ್ತು.

ಹಾಗೆಂದು ವಯಸ್ಸಾದ ಬಾಯಿಗೆ ಕಷ್ಟವಿಲ್ಲವೆಂದಲ್ಲ. ವಸಡು ಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಅದಕ್ಕೆ ಎನಾಮಲ್ ಹೊದಿಕೆ ಇಲ್ಲದ್ದರಿಂದ ಹುಳುಕು ಬೇಗ ಹತ್ತುತ್ತದೆ. ಬಿಪಿ, ಅಲರ್ಜಿ, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಬಾಯಿಯನ್ನು ದಿನವಿಡೀ ತೊಳೆದು ಹಲ್ಲು ಕಾಯುವುದು ಈ ಜೊಲ್ಲೇ. ಬಾಯಿ ಒಣಗಿತೆಂದು ಪೆಪ್ಪರಮಿಂಟು ಚೀಪುತ್ತಾ ಕೂತರೆ ಹುಳುಕಿಗೆ ಹಬ್ಬ. ಆಗಾಗ ಗುಟುಕು ನೀರು ಕುಡಿಯುವುದು, ಮಾತ್ರೆ ಬರೆದ ವೈದ್ಯರಿಗೆ ತಿಳಿಸುವುದು ಮೇಲು. ಸಕ್ಕರೆ ಕಾಯಿಲೆ ಹದ ತಪ್ಪಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹದಕ್ಕೆ ಬರುವುದು ಕಷ್ಟ. ಹಾಸಿಗೆ ಹಿಡಿದವರ ಬಾಯಿ ಶುಚಿಯಾಗಿಲ್ಲದಿದ್ದರೆ ಅಲ್ಲಿನ ರೋಗಾಣು ಉಸಿರಿನ ಜೊತೆ ಇಳಿದು ನ್ಯುಮೋನಿಯಾ ತರಬಲ್ಲದು.

ಮದ್ದು ಸರಳ: ಫ್ಲೋರೈಡ್ ಇರುವ ಪೇಸ್ಟು, ಮೃದುವಾದ ಬ್ರಷ್ಷು, ಬೆಳಿಗ್ಗೆಯ ಜೊತೆಗೆ ಮಲಗುವ ಮುಂಚೆಯೂ ಒಮ್ಮೆ. ಕೈ ನಡುಗುವವರಿಗೆ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರೆ ಹಿಡಿತ ಸಿಗುತ್ತದೆ.

ಹಲ್ಲುಸೆಟ್ಟಿಗೂ ಆರೈಕೆ ಬೇಕು. ರಾತ್ರಿ ತೆಗೆದು, ಉಜ್ಜಿ, ತಣ್ಣೀರಿನಲ್ಲಿ ಇಡಬೇಕು. ಕುದಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಬಡ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡಲೆಂದೇ ನಮ್ಮ ರಾಜ್ಯ 'ದಂತಭಾಗ್ಯ' ಯೋಜನೆ ತಂದಿತು. ಆದರೆ ಹಲ್ಲಿಲ್ಲದ ದವಡೆಯ ಮೂಳೆ ವರ್ಷ ಕಳೆದಂತೆ ಸವೆಯುತ್ತದೆ, ಸೆಟ್ಟು ಸಡಿಲವಾಗುತ್ತದೆ. ಅದನ್ನು ಸರಿಮಾಡಿಸದೆ ಡಬ್ಬಿಯಲ್ಲಿಟ್ಟು ಮರೆಯುವವರೇ ಹೆಚ್ಚು.

ಇನ್ನು ಅಜ್ಜಿಯ ಕುಟ್ಟಾಣಿಯ ವಿಷಯ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಹೇಳಿದೆ. ಅಡಿಕೆ ಬೆಳೆಯುವ ನಾಡಿಗೆ ಕಹಿ ಮಾತು, ಆದರೂ ಕೇಳಿಸಿಕೊಳ್ಳಬೇಕು. ಬಾಯಲ್ಲಿ ಹುಣ್ಣೋ ಬಿಳಿ ಮಚ್ಚೆಯೋ ಎರಡು ವಾರವಾದರೂ ಮಾಯದಿದ್ದರೆ, ನೋವಿರಲಿ ಬಿಡಲಿ, ತೋರಿಸಲೇಬೇಕು. ಒಂದು ಹಲ್ಲೂ ಇಲ್ಲದವರೂ ವರ್ಷಕ್ಕೊಮ್ಮೆ ದಂತವೈದ್ಯರ ಬಳಿ ಹೋಗಬೇಕಾದ್ದು ಇದಕ್ಕೇ.

ಹಿರಿಯರು ಬಾಯಿನೋವನ್ನು ಹೇಳಿಕೊಳ್ಳುವುದು ಕಡಿಮೆ. 'ಯಾಕೋ ಹಸಿವಿಲ್ಲ' ಎಂದು ತಟ್ಟೆ ಸರಿಸುತ್ತಾರೆ. ಫೋನಿನಲ್ಲಿ ಬಿಪಿ ಎಷ್ಟು, ಶುಗರ್ ಎಷ್ಟು ಎಂದು ಕೇಳುವ ಮಕ್ಕಳು ಇವತ್ತು ಇದನ್ನೂ ಕೇಳಿ: 'ಅಮ್ಮಾ, ಅಗಿಯೋಕೆ ಆಗ್ತಿದೆಯಾ?'