ಸುಮ್ಮನಿರುವ ಮಗುವೇ ಒಳ್ಳೆಯ ಮಗುವೇ?

ಭಾನುವಾರದ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತಾಗ ನೀವೂ ಈ ಮಾತು ಕೇಳಿರಬಹುದು: "ಎಷ್ಟು ಒಳ್ಳೆಯ ಮಗು! ಒಂದು ಸದ್ದಿಲ್ಲ, ಒಂದು ರಗಳೆಯಿಲ್ಲ." ತಾಯಿಗೆ ಹಿಗ್ಗು. ಪಕ್ಕದಲ್ಲೇ ಇನ್ನೊಬ್ಬ ತಾಯಿ ತಲೆ ತಗ್ಗಿಸುತ್ತಾಳೆ. ಅವಳ ಮಗು ಪೂಜೆಯುದ್ದಕ್ಕೂ ಬೆಂಚು ಬಡಿದಿದೆ, ಸೆರಗು ಚೀಪಿದೆ, ಅಜ್ಜಿಯ ಜಪಸರ ಎಳೆದಿದೆ. ಪ್ರಿಯ ಓದುಗರೇ, ವರ್ಷವೂ ತುಂಬದ ಈ ಎರಡು ಮಕ್ಕಳಲ್ಲಿ ಒಂದನ್ನು ಒಳ್ಳೆಯದೆಂದೂ ಇನ್ನೊಂದನ್ನು ತುಂಟನೆಂದೂ ನಾವು ಅಳೆದದ್ದು ಯಾವುದರಿಂದ? ಮಗುವಿನ ಗುಣದಿಂದಲೋ, ನಮ್ಮ ಅನುಕೂಲದಿಂದಲೋ?

ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿಯವರ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ರೋಮ್ ನಗರದ ಆಶ್ರಯಧಾಮವೊಂದರಲ್ಲಿ ಬುದ್ಧಿಮಾಂದ್ಯರೆಂದು ಕೂಡಿಹಾಕಿದ್ದ ಮಕ್ಕಳು, ಊಟ ಮುಗಿದ ಕೂಡಲೇ ನೆಲಕ್ಕೆ ಬಿದ್ದ ಬ್ರೆಡ್ಡಿನ ಚೂರುಗಳಿಗೆ ಮುಗಿಬೀಳುತ್ತಿದ್ದರು. ನೋಡಿಕೊಳ್ಳುವ ಹೆಂಗಸಿಗೆ ಅದು ಅಸಹ್ಯವಾಗಿತ್ತು. ಮಾಂಟೆಸ್ಸೊರಿಯವರು ಸುತ್ತಲೂ ನೋಡಿದರು. ಬರಿಯ ಕೋಣೆ, ಕೈಯಲ್ಲಿ ಹಿಡಿಯಲು ಒಂದು ವಸ್ತುವೂ ಇರಲಿಲ್ಲ. ಆ ಮಕ್ಕಳ ಹಸಿವು ಹೊಟ್ಟೆಯದಲ್ಲ, ಕೈಯದು ಎಂದು ಅವರಿಗೆ ಹೊಳೆಯಿತು. ಮುಂದೆ 1907ರಲ್ಲಿ ಅದೇ ನಗರದ ಬಡ ಬಡಾವಣೆ ಸಾನ್ ಲೊರೆಂಜೊದಲ್ಲಿ ಅವರು 'ಮಕ್ಕಳ ಮನೆ' ತೆರೆದರು. 1939ರಲ್ಲಿ ಭಾರತಕ್ಕೂ ಬಂದು ಮದರಾಸಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು.

ಒಂದೇ ದೃಶ್ಯ, ಒಬ್ಬರಿಗೆ ಅದು ಹೊಲಸು, ಇನ್ನೊಬ್ಬರಿಗೆ ಹಸಿವು. ನಮ್ಮ ಮನೆಗಳಲ್ಲಿಯೂ ದಿನವೂ ಇದೇ ನಡೆಯುತ್ತಿಲ್ಲವೇ? ಮನುಷ್ಯನ ಅರಿವು ಇಂದ್ರಿಯಗಳಿಂದಲೇ ಆರಂಭವಾಗುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಏಳು ಶತಮಾನಗಳ ಹಿಂದೆಯೇ ಬೋಧಿಸಿದ್ದರು. ಹಸುಗೂಸಿಗೆ ಬೇರೆ ಪುಸ್ತಕವಿಲ್ಲ. ತಣ್ಣಗಿರುವುದು, ಒರಟಾಗಿರುವುದು, ಜಾರುವುದು, ಸದ್ದು ಮಾಡುವುದು ಇವೇ ಅದರ ಅಕ್ಷರಮಾಲೆ. ಚಮಚವನ್ನು ಹತ್ತು ಸಲ ಕೆಳಗೆ ಹಾಕುವ ಮಗು ನಿಮ್ಮನ್ನು ಗೋಳುಹೊಯ್ದುಕೊಳ್ಳುತ್ತಿಲ್ಲ. ಬಿದ್ದದ್ದು ಪ್ರತಿ ಸಲವೂ ಸದ್ದು ಮಾಡುತ್ತದೆಯೇ ಎಂದು ಪರೀಕ್ಷಿಸುತ್ತಿದೆ.

ಇದಕ್ಕೆ ಅಂಗಡಿಯ ಆಟಿಕೆ ಬೇಕಿಲ್ಲ. ಕೂರಲು ಕಲಿತ ಮಗುವಿನ ಮುಂದೆ ಒಂದು ಸ್ಟೀಲ್ ಲೋಟ, ಮರದ ಸೌಟು, ಅಜ್ಜಿಯ ಹಳೆಯ ಹತ್ತಿ ಸೀರೆಯ ತುಂಡು ಇಡಿ. ಅಗಲವಾದ ತಟ್ಟೆಯಲ್ಲಿ ಒಂದಿಷ್ಟು ನೀರು ಹಾಕಿ. ಘನ ಆಹಾರ ಆರಂಭಿಸಿದ ಮಗುವಾದರೆ, ಆರಿದ ರಾಗಿ ಸರಿಯನ್ನೋ ಹಿಸುಕಿದ ಬಾಳೆಹಣ್ಣನ್ನೋ ತಾನೇ ಮುಟ್ಟಿ ತಿನ್ನಲು ಬಿಡಿ. "ಅನ್ನ ಚೆಲ್ಲಿ ಆಡುವುದು ಸರಿಯೇ?" ಎಂದು ಹಿರಿಯರು ಕೇಳುವುದು ನ್ಯಾಯವೇ. ಎರಡು ಚಮಚ ಮಾತ್ರ ಬಡಿಸಿ. ಆಟಕ್ಕೆ ನೀರು, ಬಟ್ಟೆ, ಪಾತ್ರೆಗಳೇ ಸಾಕು.

ಆದರೆ ಒಂದು ಎಚ್ಚರ. ಈ ವಯಸ್ಸಿನಲ್ಲಿ ಎಲ್ಲವೂ ಬಾಯಿಗೇ ಹೋಗುತ್ತದೆ. ಕಡಲೆಬೀಜ, ನಾಣ್ಯ, ಗುಂಡಿ, ಮಣಿ, ಪುಟ್ಟ ಬ್ಯಾಟರಿ, ಪ್ಲಾಸ್ಟಿಕ್ ಚೀಲ ಹತ್ತಿರ ಇರಕೂಡದು. ಕೆಲವೇ ಅಂಗುಲ ನೀರಿನಲ್ಲಿಯೂ ಹಸುಗೂಸು ಮುಳುಗಬಲ್ಲದು. ಬಾಗಿಲು ಬಡಿದ ಸದ್ದಾದರೆ ಮಗುವನ್ನು ಎತ್ತಿಕೊಂಡೇ ಏಳಿ.

ಅಂದರೆ ಈ ಆಟ ಹಣ ಕೇಳುವುದಿಲ್ಲ, ನಮ್ಮನ್ನೇ ಕೇಳುತ್ತದೆ. ಕಷ್ಟವಿರುವುದು ಇಲ್ಲಿಯೇ. ಮೊಬೈಲ್ ಕೈಗಿಟ್ಟರೆ ಮಗು ಕ್ಷಣದಲ್ಲಿ ಸುಮ್ಮನಾಗುತ್ತದೆ. ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಹಾಗೆಂದು ಒಲೆಯ ಮುಂದೆ ಬೆವರುವ ತಾಯಿಯತ್ತ ಬೆರಳು ತೋರಿಸುವುದು ಸುಲಭ, ನ್ಯಾಯವಲ್ಲ. ಚೆಲ್ಲಿದ ನೀರನ್ನು ಯಾವಾಗಲೂ ಅವಳೇ ಒರೆಸಬೇಕಾದರೆ, ಅವಳು ತಟ್ಟೆ ಎತ್ತಿಟ್ಟು ಮೊಬೈಲ್ ಕೊಡುವುದು ಸಹಜ. ತಂದೆಯರೇ, ಸಂಜೆ ಕಾಲು ಗಂಟೆ ಚಾಪೆಯ ಮೇಲೆ ಮಗುವಿನೊಡನೆ ಕುಳಿತು, ಕೊನೆಗೆ ನೆಲ ಒರೆಸುವ ಬಟ್ಟೆಯನ್ನು ನೀವೇ ಕೈಗೆತ್ತಿಕೊಂಡರೆ ಹೇಗೆ?

ಮಗುವನ್ನು ಒಮ್ಮೊಮ್ಮೆ ಸುಮ್ಮನಾಗಿಸುವುದು ತಪ್ಪಲ್ಲ. ಅದರ ಮೌನವನ್ನೇ ಒಳ್ಳೆಯತನವೆಂದು ನಂಬಿಬಿಡುವುದು ತಪ್ಪು. ನಮಗೆ ತೊಂದರೆ ಕೊಡದವರೇ ಒಳ್ಳೆಯವರು ಎಂಬ ಲೆಕ್ಕ ತೊಟ್ಟಿಲಲ್ಲಿ ಆರಂಭವಾದರೆ, ಮುಂದೆ ಮುದುಕರ, ರೋಗಿಗಳ ಹಾಸಿಗೆಯವರೆಗೂ ನಡೆಯುತ್ತದೆ.

ಬರುವ ಭಾನುವಾರ ಬೆಂಚು ಬಡಿಯುವ ಮಗು ನಿಮ್ಮ ಮುಂದೆ ಕೂತಿದ್ದರೆ, ತಿರುಗಿ ನೋಡುವ ಆ ತಾಯಿಗೆ ಒಂದು ನಗೆ ಕೊಡಿ.