ತಾನಾಗಿ ಮುಗಿಯದ್ದು

ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಒಂದು ಕಾಲಕ್ಕೆ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಒಡೆಯುತ್ತಿತ್ತು. 1840ರ ದಶಕದಲ್ಲಿ ಕಂಪನಿ ಸರಕಾರ ತರಿಸಿ ಬಿತ್ತಿಸಿದ ಬೀಜ ಅದು. ಇಲ್ಲಿಯ ಮಣ್ಣಿಗೆ ಒಗ್ಗಿ, ಜವಾರಿ ಹತ್ತಿಯ ಮಗ್ಗುಲಲ್ಲಿ ವಿಲಾಯತಿ ಹತ್ತಿ ಎನಿಸಿಕೊಂಡಿತು. ಅದರ ತವರಾದ ಅಮೆರಿಕದ ದಕ್ಷಿಣದಲ್ಲಿ ಹತ್ತಿ ಬಿಡಿಸುತ್ತಿದ್ದವರು ಗುಲಾಮರು.

1860ರ ಹೊತ್ತಿಗೆ ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಹೊಸದಾಗಿ ಸೇರುವ ಪ್ರಾಂತಗಳಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಜಗಳಕ್ಕೆ 1820ರಲ್ಲಿ ನಕ್ಷೆಯ ಮೇಲೊಂದು ಗೆರೆ ಎಳೆದು ರಾಜಿ ಮಾಡಿದ್ದರು. 1854ರಲ್ಲಿ ಆ ಗೆರೆ ಅಳಿಸಿದರು. ಅದೇ ಜಗಳಕ್ಕೆ ಕಾನ್ಸಾಸ್ ಪ್ರಾಂತದಲ್ಲಿ ರಕ್ತ ಹರಿಯಿತು. ಬಿಡುಗಡೆ ಕೇಳಿ ಬಂದ ಡ್ರೆಡ್ ಸ್ಕಾಟ್‌ಗೆ 1857ರಲ್ಲಿ ಸುಪ್ರೀಂ ಕೋರ್ಟು, ಆಫ್ರಿಕ ಮೂಲದವರು ಈ ದೇಶದ ಪ್ರಜೆಗಳಾಗಲಾರರು ಎಂದಿತು. ಹತ್ತಿಯೇ ಅರಸ, ಅದರ ಮೇಲೆ ಯಾರೂ ಯುದ್ಧ ಹೂಡಲಾರರು ಎಂದು ಮರುವರ್ಷ ಸೆನೆಟರ್ ಹ್ಯಾಮಂಡ್ ಸಾರಿದ. ಲಿಂಕನ್ ಅಧ್ಯಕ್ಷ ಚುನಾವಣೆ ಗೆದ್ದೊಡನೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟದಿಂದ ಸಿಡಿದವು. 1861ರ ಏಪ್ರಿಲ್‌ನಲ್ಲಿ ಉತ್ತರ, ದಕ್ಷಿಣಗಳ ನಡುವೆ ತೋಪು ಹಾರಿತು.

ಯುದ್ಧದಿಂದ ದಕ್ಷಿಣದ ಬಂದರುಗಳು ಮುಚ್ಚಿದಾಗ ಲ್ಯಾಂಕಾಶೈರಿನ ಗಿರಣಿಗಳು ನಮ್ಮತ್ತ ತಿರುಗಿದವು. ಧಾರವಾಡದ ಅರಳೆಗೆ ಬಂಗಾರದ ಬೆಲೆ ಬಂತು. ಅಂಡಿಗೆ ಹೇರಿದ ಬಂಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಸಾಗಿದವು. ನಾಲ್ಕೇ ವರ್ಷ. 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು, ಮುಂಬಯಿಯಲ್ಲಿ ಬ್ಯಾಂಕುಗಳು ಮುರಿದುಬಿದ್ದವು. ಆ ವಿಲಾಯತಿ ಹತ್ತಿಯೂ ಉಳಿಯಲಿಲ್ಲ. ಧಾರವಾಡದಲ್ಲೇ ಹುಟ್ಟಿದ ವರಲಕ್ಷ್ಮಿ ಎಂಬ ಸಂಕರ ತಳಿ 1970ರ ದಶಕದಲ್ಲಿ ಮೆರೆಯಿತು. ಈಗ ಅದರ ಜಾಗದಲ್ಲಿ ಬಿಟಿ ಹತ್ತಿ.

ಎಲ್ಲವೂ ಅನಿತ್ಯ ಎಂದು ಇಲ್ಲಿಗೆ ಸಮಾಧಾನ ಮಾಡಿಕೊಳ್ಳಲು ನನಗೆ ಮನಸ್ಸಿಲ್ಲ. ಬೆಲೆ ತಾನಾಗಿ ಬಿತ್ತು, ತಳಿ ತಾನಾಗಿ ಹಿಂದೆ ಸರಿಯಿತು. ಗುಲಾಮಗಿರಿ ತಾನಾಗಿ ಬೀಳಲಿಲ್ಲ. ಆರು ಲಕ್ಷಕ್ಕೂ ಹೆಚ್ಚು ಜೀವ ತೆತ್ತು ಅದನ್ನು ಕೆಡವಬೇಕಾಯಿತು. ಸಂಕೋಲೆಯಲ್ಲಿ ಹುಟ್ಟಿದವಳ ಮುಂದೆ ನಿಂತು ಯಾವುದೂ ಶಾಶ್ವತವಲ್ಲ ತಾಯಿ ಎನ್ನುವುದು ಕ್ರೌರ್ಯ. ಅವಳ ಆಯುಷ್ಯವೂ ಅನಿತ್ಯವೇ. ಕಾಲ ಕಳೆಯಲೆಂದು ಕಾಯುತ್ತ ಕೂತರೆ ಮೊದಲು ಮುಗಿಯುವವಳು ಅವಳೇ.

ಇದು ದೂರದೇಶದ ಮಾತಷ್ಟೇ ಆಗಿದ್ದರೆ ಬೇರೆ. ಧಾರವಾಡದಿಂದ ಪಡುವಣಕ್ಕೆ, ಕಲಘಟಗಿ, ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕದ ಗುಲಾಮರ ಸಂತತಿ. ಹಿರಿಯರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಅಡವಿ ಸೇರಿದವರು. ಅವರು ಯಾವ ತೀರ್ಪಿಗೂ ಕಾಯಲಿಲ್ಲ. ಪರಿಶಿಷ್ಟ ಪಂಗಡದ ಹಕ್ಕು ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಸಿಕ್ಕಿತು. ಧಾರವಾಡ ಜಿಲ್ಲೆಯವರು ಅದಕ್ಕಾಗಿ 2020ರವರೆಗೆ ಕೇಳುತ್ತಲೇ ಇರಬೇಕಾಯಿತು.